ಜಿನೋವಾದಲ್ಲಿ ಸೈತಾನನ ಪಿಟೀಲು

ಜಿನೋವಾದ ಪಿಯಾಜಾ ಪ್ರಿಂಚಿಪೆ ನಿಲ್ದಾಣದಲ್ಲಿ ರೈಲಿಳಿದು ವಿಯಾ ಬಾಲ್ಬಿ ಹಿಡಿದರೆ ಕಾಲು ಗಂಟೆ ನಡಿಗೆಗೆ ವಿಯಾ ಗರಿಬಾಲ್ಡಿ. ಎರಡೂ ಬದಿಯ ಅರಮನೆಗಳು 2006ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ನೋಡಬೇಕಾದ್ದು ಪಲಾಜೊ ತುರ್ಸಿ. ನಗರಸಭೆಯೂ ಅಲ್ಲೇ, ಸೈತಾನನ ಪಿಟೀಲೂ ಅಲ್ಲೇ. ಸೋಮವಾರ ಬಾಗಿಲು ಹಾಕಿರುತ್ತದೆ. ಅದೇ ಬೀದಿಯ ರೊಸ್ಸೊ, ಬಿಯಾಂಕೊ ಅರಮನೆಗಳು ಮತ್ತು ತುರ್ಸಿ, ಮೂರಕ್ಕೂ ಒಂದೇ ಟಿಕೆಟ್ಟು. ಹಾಗೆಂದು ಮೊದಲೆರಡರ ಚಿತ್ರಗಳ ಮುಂದೆಯೇ ಕಾಲು ಸೋಲಿಸಿಕೊಂಡರೆ ಪಿಟೀಲಿನ ಹೊತ್ತಿಗೆ ಕುರ್ಚಿ ಹುಡುಕಬೇಕಾಗುತ್ತದೆ.

ಗಾಜಿನೊಳಗೆ ಇರುವುದು 'ಕನ್ನೋನೆ', ಅಂದರೆ ಫಿರಂಗಿ. ಕ್ರೆಮೋನಾದ ಪಿಟೀಲು ತಯಾರಕ ಗ್ವಾರ್ನೇರಿ 1743ರಲ್ಲಿ ಮಾಡಿದ್ದು. ಯಜಮಾನ ಪಿಟೀಲುಗಾರ ನಿಕೊಲೊ ಪಗನೀನಿ. 1782ರಲ್ಲಿ ಇದೇ ಊರಿನಲ್ಲಿ ಹುಟ್ಟಿದವ ಎನ್ನುವುದು ದಾಖಲೆಯ ಮಾತು. ಅಂದಿನ ಯುರೋಪು ನಂಬಿದ್ದ ಚರಿತ್ರೆಯೇ ಬೇರೆ: ಈತ ಪ್ರೇಯಸಿಯನ್ನು ಕೊಂದು ಜೈಲು ಸೇರಿದ; ಅಲ್ಲಿ ಒಂದೇ ತಂತಿಯಲ್ಲಿ ಸಾಧನೆ ಮಾಡಿದ; ಆ ತಂತಿ ಅವಳದೇ ಕರುಳು; ಅಸಲಿಗೆ ಈತನೇ ಸೈತಾನ, ಅಥವಾ ಅವನ ಮಗ. ವಿಯೆನ್ನಾದ ಕಛೇರಿಯಲ್ಲಿ ಒಬ್ಬ ಮಹಾಶಯನಿಗೆ ಇವನ ಮೊಣಕೈ ಪಕ್ಕ ಕೆಂಪು ಬಟ್ಟೆಯ, ಕೊಂಬು ಬಾಲವಿದ್ದ ಆಸಾಮಿಯೊಬ್ಬ ಕಮಾನು ನಡೆಸುವುದು ಕಾಣಿಸಿತಂತೆ! ಕಡೆಗೆ ಪಗನೀನಿ ತಾಯಿಯ ಕಾಗದವನ್ನು ಪತ್ರಿಕೆಯಲ್ಲಿ ಹಾಕಿಸಬೇಕಾಯಿತು. ವಂಶಾವಳಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ಸೈತಾನ ಇವನೊಬ್ಬನೇ ಇರಬೇಕು.

ಪವಾಡದ ಬಹುಪಾಲು ಇದ್ದದ್ದು ಬಿರಡೆಯಲ್ಲಿ. ಪಿಟೀಲಿಗೂ ವಾದ್ಯವೃಂದಕ್ಕೂ ಬರೆದ ಅವನ ಮೊದಲನೆಯ ಕನ್ಚರ್ಟೊದಲ್ಲಿ ವಾದ್ಯವೃಂದ, ಡಿಗಿಂತ ಅರ್ಧ ಸ್ವರ ಮೇಲಿನ ಶ್ರುತಿಯಾದ ಇ ಫ್ಲ್ಯಾಟ್‌ನಲ್ಲಿ ನುಡಿಸುತ್ತದೆ. ಪಗನೀನಿ ನಾಲ್ಕೂ ತಂತಿಯನ್ನು ಅರ್ಧ ಸ್ವರ ಬಿಗಿದು, ಬೆರಳನ್ನು ಮಾತ್ರ ಡಿ ಶ್ರುತಿಯ ಜಾಗದಲ್ಲೇ ಓಡಿಸುತ್ತಿದ್ದ. ಡಿಯಲ್ಲಿ ಬೆರಳಿಡದೆ ನುಡಿಸುವ ಬಿಡಿ ತಂತಿಗಳು ಧಾರಾಳವಾಗಿ ಸಿಗುತ್ತವೆ; ಜೋಡಿ ಸ್ವರ ಸಲೀಸು, ಬಿಗಿದ ತಂತಿಗೆ ಹೊಳಪೂ ಹೆಚ್ಚು. ಅದೇ ಕೃತಿಯನ್ನು ಮಾಮೂಲು ಶ್ರುತಿಯಲ್ಲಿ ಇ ಫ್ಲ್ಯಾಟ್‌ನಲ್ಲೇ ನುಡಿಸಲು ಹೊರಟರೆ ಆ ಬಿಡಿ ತಂತಿಗಳ ಆಸರೆ ತಪ್ಪಿ ಬೆರಳು ತಿಣುಕುತ್ತದೆ. ಅವನ 'ಮೋಸೆಸ್' ಫ್ಯಾಂಟಸಿ ಎಂಬ ಕೃತಿಯಲ್ಲಂತೂ ದಪ್ಪದ ಜಿ ತಂತಿಯೊಂದನ್ನೇ ಬಿ ಫ್ಲ್ಯಾಟ್‌ಗೆ ಏರಿಸಿ ಪೂರ್ತಿ ನುಡಿಸಬೇಕು. ಮೇಲಿನ ಸ್ವರಗಳಿಗೆ ತಂತಿ ಒತ್ತುವಂತಿಲ್ಲ, ಬೆರಳು ಸೋಕಿಸಿ ಶಿಳ್ಳೆಯಂಥ ನಾದ ಹೊರಡಿಸಬೇಕಷ್ಟೆ. ಕೂದಲೆಳೆ ಆಚೀಚೆಯಾದರೆ ಶಿಳ್ಳೆಯ ಬದಲು ಕೆರೆತ. ಕೀಲುಗಳು ವಿಪರೀತ ಬಾಗುತ್ತಿದ್ದುದನ್ನು ಅವನ ವೈದ್ಯ ಬೆನ್ನಾಟಿ ಬರೆದಿಟ್ಟಿದ್ದಾನೆ. ಕೆಳದವಡೆಯ ಹಲ್ಲು ಹೋಗಿ ಕೆನ್ನೆ ಒಳಕ್ಕೆ ಬಿದ್ದಿತ್ತು. ಮೇಲೊಂದು ಕರಿಕೋಟು. ಬಾಲವನ್ನು ಪ್ರೇಕ್ಷಕರೇ ಅಂಟಿಸಿಕೊಂಡರು.

ಪಕ್ಕದಲ್ಲೇ ಪ್ಯಾರಿಸಿನ ಪಿಟೀಲು ತಯಾರಕ ವಿಯೋಮ್ ಮಾಡಿದ ನಕಲು ಪಿಟೀಲೂ ಇದೆ, ತಪ್ಪಿಸಬೇಡಿ. ಅಸಲಿ ಯಾವುದೆಂದು ಸ್ವತಃ ಪಗನೀನಿಗೇ ತಿಳಿಯಲಿಲ್ಲವೆಂಬ ಕಥೆಯಿದೆ. ಆಮೇಲೆ ಆ ನಕಲು ಶಿಷ್ಯ ಸಿವೋರಿಯ ಪಾಲಾಯಿತು. ಪಗನೀನಿ ಹುಟ್ಟಿದ ಮನೆ ಹುಡುಕುತ್ತಾ ಬಿಸಿಲಲ್ಲಿ ಅಲೆಯುವ ಅಗತ್ಯವಿಲ್ಲ, 1971ರಲ್ಲೇ ಕೆಡವಿದ್ದಾರೆ. ಪಿಟೀಲಿಗೆ ಗಾಜು ಕಟ್ಟಿದ ಊರು ಮನೆಗೆ ಹಾರೆ ಹಾಕಿತು.

ಸಮಾಧಿ ಇರುವುದು ಪಾರ್ಮಾದ ವಿಲ್ಲೆಟ್ಟಾ ಸ್ಮಶಾನದಲ್ಲಿ. 1840ರಲ್ಲಿ ನೀಸ್‌ನಲ್ಲಿ ಸತ್ತಾಗ ಅಲ್ಲಿನ ಬಿಷಪ್ ಮಣ್ಣು ಮಾಡಲು ಒಪ್ಪಲಿಲ್ಲ. ಹೆಣ ಊರೂರು ಅಲೆದು ಪಾರ್ಮಾದ ನೆಲ ಕಂಡದ್ದು 1876ರಲ್ಲಿ. ಅಲ್ಲೂ ನೆಮ್ಮದಿಯಿಲ್ಲ: 1893ರಲ್ಲಿ ಜೆಕ್ ಪಿಟೀಲುಗಾರನೊಬ್ಬ ಪಗನೀನಿಯ ಮೊಮ್ಮಗನನ್ನು ಒಪ್ಪಿಸಿ ಪೆಟ್ಟಿಗೆ ತೆಗೆಸಿ ಮುಖ ನೋಡಿದ. 1896ರಲ್ಲಿ ಮತ್ತೆ ಹೂಳಿದರು.