ಟ್ರಯಲ್ ಕಾಗದಕ್ಕೆ ಸಹಿ ಹಾಕುವ ಮೊದಲು: ಹೈಡೋಸ್ ಕೀಮೋ ಮತ್ತು ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮೈಲೋಮಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಇರುವ ರೋಗಿಗಳಲ್ಲಿ ಅನೇಕರು ಟ್ರಾನ್ಸ್‌ಪ್ಲಾಂಟ್‌ಗೆಂದು ಬೆಂಗಳೂರಿಗೋ ಮುಂಬೈಗೋ ವೆಲ್ಲೂರಿಗೋ ಹೋಗುತ್ತಾರೆ. ಅಲ್ಲಿ ಕೆಲವರ ಕೈಗೆ ಹತ್ತಿಪ್ಪತ್ತು ಪುಟದ ಒಂದು ಕಾಗದದ ಕಟ್ಟು ಬರುತ್ತದೆ. ಕ್ಲಿನಿಕಲ್ ಟ್ರಯಲ್‌ನ ಒಪ್ಪಿಗೆ ಪತ್ರ. ಮನೆಯವರ ಮೊದಲ ಪ್ರಶ್ನೆ, "ನಮ್ಮ ಮ್ಯಾಲ ಪ್ರಯೋಗ ಮಾಡಾಕತ್ತಾರೇನ್ರಿ?" ಅದರ ಬೆನ್ನಿಗೇ ಎರಡನೆಯದು, "ಸ್ಟೆಮ್ ಸೆಲ್ ಹಾಕಿದ್ರ ಕ್ಯಾನ್ಸರ್ ಸಾಯ್ತದಲ್ರಿ?" ಎರಡನೆಯದನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಅದು ತಿಳಿದರೆ ಕಾಗದದ ಅರ್ಧ ಭಾಗ ತಾನಾಗಿ ಅರ್ಥವಾಗುತ್ತದೆ.

ಸ್ಟೆಮ್ ಸೆಲ್ ಎಂದರೆ ಮೂಳೆ ಮಜ್ಜೆಯಲ್ಲಿದ್ದು ರಕ್ತದ ಕಣಗಳನ್ನು ಹುಟ್ಟಿಸುವ ಮೂಲ ಕಣ. ನಮ್ಮದೇ ಸೆಲ್ ತೆಗೆದು ನಮಗೇ ವಾಪಸ್ ಕೊಡುವ ಆಟೋಲೋಗಸ್ ಟ್ರಾನ್ಸ್‌ಪ್ಲಾಂಟ್‌ನಲ್ಲಿ ರೋಗ ಕೊಲ್ಲುವುದು ಸ್ಟೆಮ್ ಸೆಲ್ ಅಲ್ಲ, ಕೀಮೋ. ಮೈಲೋಮಾದಲ್ಲಿ ಆ ಕೀಮೋ ಎಂದರೆ ಮೆಲ್ಫಲಾನ್. ಪೂರ್ಣ ಡೋಸ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 200 ಮಿಲಿಗ್ರಾಂ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ 140ಕ್ಕೆ ಇಳಿಸುತ್ತಾರೆ. ಈ ಡೋಸಿಗೆ ರೋಗದ ಜೊತೆ ಮೂಳೆ ಮಜ್ಜೆಯೂ ಬರಿದಾಗುತ್ತದೆ. ಅದು ತಾನಾಗಿ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಸೋಂಕೋ ರಕ್ತಸ್ರಾವವೋ ಜೀವ ತೆಗೆಯಬಹುದು. ಅದಕ್ಕೇ ಬಿತ್ತನೆಯ ಜೋಳವನ್ನು ಮೊದಲೇ ಬೇರೆ ತೆಗೆದಿಡುವ ಹಾಗೆ ಸ್ಟೆಮ್ ಸೆಲ್ ತೆಗೆದಿಟ್ಟಿರುತ್ತಾರೆ. ಒಡಹುಟ್ಟಿದವರ ಅಥವಾ ಬೇರೆ ದಾನಿಯ ಸೆಲ್ ಹಾಕುವ ಅಲೋಜೆನಿಕ್‌ನ ಲೆಕ್ಕ ಬೇರೆ. ಅಲ್ಲಿ ದಾನಿಯ ರೋಗನಿರೋಧಕ ಕಣಗಳು ಉಳಿದ ಕ್ಯಾನ್ಸರ್ ಮೇಲೂ ಬೀಳುತ್ತವೆ, ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೂ ಬೀಳುತ್ತವೆ. ಹಾಗಾಗಿ ಕಾಗದದಲ್ಲಿ ಮೊದಲು ಹುಡುಕಬೇಕಾದ ಪದ ಆಟೋಲೋಗಸ್ ಅಥವಾ ಅಲೋಜೆನಿಕ್. ಅನುಭವಿ ಕೇಂದ್ರಗಳಲ್ಲಿ ಮೈಲೋಮಾದ ಆಟೋಲೋಗಸ್‌ನಿಂದ ಸಾಯುವವರು ನೂರಕ್ಕೆ ಒಂದೆರಡು. ಅಲೋಜೆನಿಕ್‌ನಲ್ಲಿ ಇದು ಹಲವು ಪಟ್ಟು ಹೆಚ್ಚು.

ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಿ. 165 ಸೆಂಟಿಮೀಟರ್ ಎತ್ತರ, 60 ಕೆಜಿ ತೂಕದ ರೋಗಿ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೇಲ್ಮೈ 1.66 ಚದರ ಮೀಟರ್. ಮೆಲ್ಫಲಾನ್ 332 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ ಏಳು ವಯಲ್. ಸ್ಟೆಮ್ ಸೆಲ್ ಮಜ್ಜೆಯಿಂದ ರಕ್ತಕ್ಕೆ ಇಳಿಯಲು ಜಿ-ಸಿಎಸ್‌ಎಫ್ ಇಂಜೆಕ್ಷನ್ ದಿನಕ್ಕೆ ಕೆಜಿಗೆ 10 ಮೈಕ್ರೋಗ್ರಾಂ: 600 ಮೈಕ್ರೋಗ್ರಾಂ, 300ರ ಎರಡು ವಯಲ್, ನಾಲ್ಕೈದು ದಿನ. ಸೊಂಟ, ಬೆನ್ನಿನ ಮೂಳೆ ಒಳಗಿಂದ ಒತ್ತಿ ಬಂದ ಹಾಗೆ ನೋಯುವುದು ಆಗಲೇ. ಆ ಔಷಧದ ಅಡ್ಡಪರಿಣಾಮ ಅದು. ಐದನೇ ದಿನ ರಕ್ತದಲ್ಲಿ ಸಿಡಿ34, ಅಂದರೆ ಆ ಗುರುತು ಹೊತ್ತ ಸ್ಟೆಮ್ ಸೆಲ್, ಎಣಿಸುತ್ತಾರೆ. ಕಡಿಮೆ ಬಂದರೆ ಪ್ಲೆರಿಕ್ಸಾಫೋರ್ ಎಂಬ ಇನ್ನೊಂದು ಇಂಜೆಕ್ಷನ್, ಕೆಜಿಗೆ 0.24 ಮಿಲಿಗ್ರಾಂ, ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ. ಮುಂಜಾನೆ ಒಂಬತ್ತಕ್ಕೆ ಯಂತ್ರಕ್ಕೆ ಕೂರಬೇಕಾದವರಿಗೆ ರಾತ್ರಿ ಹತ್ತಕ್ಕೆ ಸೂಜಿ ಚುಚ್ಚುವುದು ಈ ಕಾರಣಕ್ಕೆ. ದುಬಾರಿ ಔಷಧ. ಖರ್ಚಿನ ಅಂದಾಜು ಕೇಳುವಾಗ ಇದು ಸೇರಿದೆಯೋ ಇಲ್ಲವೋ ಎಂದು ಬಿಡಿಸಿ ಕೇಳಿ.

ರಕ್ತದಿಂದ ಸ್ಟೆಮ್ ಸೆಲ್ ಬೇರ್ಪಡಿಸಿ ಉಳಿದದ್ದನ್ನು ವಾಪಸ್ ಬಿಡುವ ಅಫೆರೆಸಿಸ್ ಯಂತ್ರದಲ್ಲಿ ನಾಲ್ಕೈದು ಗಂಟೆ. ರಕ್ತ ಹೆಪ್ಪುಗಟ್ಟದಿರಲು ಸಿಟ್ರೇಟ್ ಬೆರೆಸುತ್ತಾರೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ತುಟಿಯ ಸುತ್ತ, ಬೆರಳ ತುದಿಗೆ ಜುಮ್ಮೆನ್ನತೊಡಗಿದರೆ ತಡೆದುಕೊಂಡು ಕೂರಬಾರದು, ಕೂಡಲೇ ಹೇಳಬೇಕು. ಕ್ಯಾಲ್ಸಿಯಂ ಕೊಟ್ಟು ಯಂತ್ರದ ವೇಗ ಇಳಿಸಿದರೆ ಮುಗಿಯಿತು. ಸುಮ್ಮನಿದ್ದರೆ ಕೈಬೆರಳು ಸೆಟೆದುಕೊಳ್ಳುತ್ತವೆ. ಕೆಜಿಗೆ ಕನಿಷ್ಠ 20 ಲಕ್ಷ ಸಿಡಿ34 ಸೆಲ್ ಬೇಕು, 40 ಲಕ್ಷ ಸಿಕ್ಕರೆ ನೆಮ್ಮದಿ. ನಮ್ಮ 60 ಕೆಜಿಯ ರೋಗಿಗೆ ಅದು 24 ಕೋಟಿ.

ಇಷ್ಟು ಸೆಲ್ ಸಿಗದೇ ಹೋಗುವುದಕ್ಕೆ ಒಂದು ಕಾರಣ ಊರಲ್ಲೇ ಹುಟ್ಟುತ್ತದೆ. ಟ್ರಾನ್ಸ್‌ಪ್ಲಾಂಟ್ ಆಗಬಲ್ಲ ರೋಗಿಗೆ ತಿಂಗಳುಗಟ್ಟಲೆ ಮೆಲ್ಫಲಾನ್ ಮಾತ್ರೆ ಕೊಟ್ಟರೆ ಸ್ಟೆಮ್ ಸೆಲ್‌ನ ಮೂಲವೇ ಸೊರಗುತ್ತದೆ. ಮೈಲೋಮಾದ ಇನ್ನೊಂದು ಮಾತ್ರೆ ಲೆನಾಲಿಡೋಮೈಡ್ ಕೂಡ ಹಾಗೆಯೇ: ಮೊದಲ ನಾಲ್ಕು ಸೈಕಲ್‌ಗಳ ಆಸುಪಾಸಿನಲ್ಲಿ ಸೆಲ್ ತೆಗೆದಿಡುವುದು ಲೇಸು, ಎಂಟು ಹತ್ತು ಸೈಕಲ್ ಆದ ಮೇಲೆ ಇಳುವರಿ ಬೀಳುತ್ತದೆ. ರೋಗ ಪತ್ತೆಯಾದ ವಾರದಲ್ಲೇ "ಇವರು ಟ್ರಾನ್ಸ್‌ಪ್ಲಾಂಟ್‌ಗೆ ಬರ್ತಾರೇನ್ರಿ?" ಎಂದು ಕೇಳಿಬಿಡಬೇಕು. ಟ್ರಯಲ್ ಬಾಗಿಲು ಮುಚ್ಚುವುದೂ ಇಲ್ಲಿಯೇ. ಹೊಸದಾಗಿ ಪತ್ತೆಯಾದ ಮೈಲೋಮಾದ ಟ್ರಯಲ್‌ಗಳು ಸಾಮಾನ್ಯವಾಗಿ ಮೊದಲು ಬೇರೆ ಕೀಮೋ ಪಡೆದವರನ್ನು ಸೇರಿಸಿಕೊಳ್ಳುವುದಿಲ್ಲ. ಯಾವ ಔಷಧ, ಎಷ್ಟು ಡೋಸ್, ಯಾವ ತಾರೀಖಿನಿಂದ ಎಂಬ ಚೀಟಿ ಇಲ್ಲದೆ ಹೋದರೆ ಅರ್ಹರೂ ಹೊರಗುಳಿಯುತ್ತಾರೆ.

ತೆಗೆದ ಸೆಲ್ ಇಡುವುದಕ್ಕೆ ಎರಡು ದಾರಿ. ಹೆಪ್ಪುಗಟ್ಟುವಾಗ ಸೆಲ್ ಒಡೆಯದಂತೆ ಕಾಯುವ ಡಿಎಂಎಸ್‌ಒ ದ್ರವವನ್ನು ಶೇಕಡಾ 10ರಷ್ಟು ಬೆರೆಸಿ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದರೆ ವರ್ಷಗಟ್ಟಲೆ ಇರುತ್ತದೆ. ಅದನ್ನು ಹಾಕಿದ ಒಂದೆರಡು ದಿನ ರೋಗಿಯ ಉಸಿರಿಗೆ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಗಾಬರಿ ಬೇಡ. ಇನ್ನೊಂದು, ನಮ್ಮ ದೇಶದ ಅನೇಕ ಕೇಂದ್ರಗಳು ಮೈಲೋಮಾಕ್ಕೆ ಮಾಡುವುದು: 4 ಡಿಗ್ರಿಯ ಫ್ರಿಜ್‌ನಲ್ಲಿ ಹಾಗೇ ಇಟ್ಟು, ನಡುವೆ ಮೆಲ್ಫಲಾನ್ ಕೊಟ್ಟು, 72 ಗಂಟೆಯೊಳಗೆ ವಾಪಸ್ ಕೊಡುವುದು. ಮೆಲ್ಫಲಾನ್ ರಕ್ತದಿಂದ ಬೇಗ ಖಾಲಿಯಾಗುವುದರಿಂದ ಒಂದು ದಿನದ ಅಂತರ ಸಾಕು. ಖರ್ಚು ಕಡಿಮೆ, ಫಲಿತಾಂಶ ಚೆನ್ನಾಗಿದೆ. ಆದರೆ ಜಾರಲು ಜಾಗ ಇಲ್ಲ: ಮೊದಲ ದಿನ ಸೆಲ್ ಸಾಲದೆ ಎರಡನೇ ದಿನವೂ ತೆಗೆಯಬೇಕಾದರೆ ಗಡಿಯಾರ ಮೊದಲ ಚೀಲದಿಂದಲೇ ಓಡುತ್ತಿರುತ್ತದೆ.

ಮೆಲ್ಫಲಾನ್ ಕೊಡುವಾಗ ಬಾಯಿಯಲ್ಲಿ ಐಸ್ ಇಟ್ಟುಕೊಳ್ಳಲು ಹೇಳುತ್ತಾರೆ. ಇದನ್ನು ಸುಮ್ಮನೆ ಸಮಾಧಾನಕ್ಕೆ ಎಂದುಕೊಂಡು ಅರ್ಧಕ್ಕೆ ಉಗುಳುವವರಿದ್ದಾರೆ. ತಣ್ಣಗಾದ ಬಾಯಿಯ ರಕ್ತನಾಳ ಕುಗ್ಗಿ ಅಲ್ಲಿಗೆ ಔಷಧ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ಡ್ರಿಪ್ ಶುರುವಾಗುವ ಮೊದಲೇ ಹಿಡಿದು, ಮುಗಿದ ಮೇಲೂ ಹೇಳಿದಷ್ಟು ಹೊತ್ತು ಐಸ್ ಬಾಯಲ್ಲಿರಬೇಕು. ಒಂದು ವಾರದ ನಂತರ ನೀರು ನುಂಗುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಬಿಳಿಕಣದಲ್ಲಿ ಸೋಂಕು ತಡೆಯುವ ನ್ಯೂಟ್ರೋಫಿಲ್ ಎಣಿಕೆ 500 ದಾಟಿ ಮೂರು ದಿನ ನಿಂತರೆ ಸೆಲ್ ಹಿಡಿದವು ಎಂದರ್ಥ. ಸಾಮಾನ್ಯವಾಗಿ ಸೆಲ್ ಹಾಕಿದ 10ರಿಂದ 14ನೇ ದಿನದೊಳಗೆ.

ಇಷ್ಟೆಲ್ಲ ಗೊತ್ತಿರುವಾಗ ಟ್ರಯಲ್ ಯಾಕೆ? ಹೆಚ್ಚು ಕೀಮೋ ಕೊಟ್ಟರೆ ಹೆಚ್ಚು ಗುಣ ಎಂಬ ಮಾತು ಕೇಳಲು ಎಷ್ಟು ಸರಿಯೋ ಅಷ್ಟೇ ಅಪಾಯಕಾರಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್‌ಗೆ ಇದೇ ಟ್ರಾನ್ಸ್‌ಪ್ಲಾಂಟ್ ಮಾಡಿದರು. ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದಂತೆ ಕಂಡಿತು. ಯಾಕೆಂದರೆ ಗಟ್ಟಿಮುಟ್ಟಾದವರನ್ನೇ ಆರಿಸಿದ್ದರು, ಜೊತೆಗೆ ಟ್ರಾನ್ಸ್‌ಪ್ಲಾಂಟ್ ತನಕ ಬದುಕಿ ಬಂದವರಷ್ಟೇ ಆ ಲೆಕ್ಕಕ್ಕೆ ಸೇರಿದ್ದರು. 1999ರ ಮೇ ತಿಂಗಳಲ್ಲಿ ಅಮೆರಿಕದ ಆಂಕಾಲಜಿ ಸಮ್ಮೇಳನದಲ್ಲಿ ಚೀಟಿ ಎತ್ತಿ ಗುಂಪು ಮಾಡಿದ ಐದು ಟ್ರಯಲ್‌ಗಳ ಫಲಿತಾಂಶ ಬಂತು. ನಾಲ್ಕರಲ್ಲಿ ಲಾಭ ಇಲ್ಲ. ಲಾಭ ಇದೆ ಎಂದ ಐದನೆಯದು ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಅವರದು. 2000ದಲ್ಲಿ ತನಿಖೆಯ ತಂಡ ಅಲ್ಲಿಗೆ ಹೋಗಿ ದಾಖಲೆ ನೋಡಿದಾಗ ಅದು ನಿಲ್ಲಲಿಲ್ಲ. ಅದೇ ವರ್ಷ ಪ್ರಕಟವಾದ ಒಂದು ಅಮೆರಿಕನ್ ಟ್ರಯಲ್‌ನಲ್ಲಿ, ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್‌ನವರು ಮೂರು ವರ್ಷಕ್ಕೆ ಟ್ರಾನ್ಸ್‌ಪ್ಲಾಂಟ್ ಕಡೆ ನೂರಕ್ಕೆ 32, ಸಾಮಾನ್ಯ ಕೀಮೋ ಕಡೆ 38 ಮಂದಿ ಉಳಿದಿದ್ದರು. ಅಂಕಿಶಾಸ್ತ್ರದ ಕಣ್ಣಿಗೆ ಎರಡೂ ಒಂದೇ.

ಅದೇ ಚಿಕಿತ್ಸೆ ಮರುಕಳಿಸಿದ ಲಿಂಫೋಮಾದಲ್ಲಿ ಗೆದ್ದಿತ್ತು. 1995ರ ಪಾರ್ಮಾ ಟ್ರಯಲ್‌ನಲ್ಲಿ 109 ಜನ. ಐದು ವರ್ಷಕ್ಕೆ ಬದುಕಿದ್ದವರು ಟ್ರಾನ್ಸ್‌ಪ್ಲಾಂಟ್ ಕಡೆ ನೂರಕ್ಕೆ 53, ಬರೀ ಕೀಮೋ ಕಡೆ 32. ರೋಗ ಬದಲಾದರೆ ಉತ್ತರ ಬದಲಾಗುತ್ತದೆ. ಪಕ್ಕದೂರಿನವರಿಗೆ ಆಗಿ ಬಂದದ್ದು ನಮಗೂ ಆಗುತ್ತದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೈಲೋಮಾದ ಕಥೆ ಇನ್ನೂ ಸೂಕ್ಷ್ಮ. ಫ್ರಾನ್ಸಿನ ಐಎಫ್‌ಎಂ 2009 ಟ್ರಯಲ್‌ನಲ್ಲಿ 700 ರೋಗಿಗಳು. ಬೋರ್ಟೆಜೋಮಿಬ್, ಲೆನಾಲಿಡೋಮೈಡ್, ಡೆಕ್ಸಾಮೆಥಾಸೋನ್ ಎಲ್ಲರಿಗೂ, ಅರ್ಧ ಜನಕ್ಕೆ ಮಾತ್ರ ಕೂಡಲೇ ಟ್ರಾನ್ಸ್‌ಪ್ಲಾಂಟ್. ರೋಗ ಮತ್ತೆ ಏಳದೆ ಇದ್ದ ಅವಧಿಯ ಮಧ್ಯಾಂಕ, ಅಂದರೆ ಅರ್ಧ ಜನ ದಾಟಿದ ಅವಧಿ, ಮಾಡಿಸಿದವರಲ್ಲಿ 50 ತಿಂಗಳು, ಮಾಡಿಸದವರಲ್ಲಿ 36. ಅಮೆರಿಕದ ಡಿಟರ್ಮಿನೇಶನ್ ಟ್ರಯಲ್‌ನಲ್ಲಿ, 2022ರಲ್ಲಿ ಪ್ರಕಟವಾದದ್ದು, 67.5 ಮತ್ತು 46.2 ತಿಂಗಳು. ಎರಡರಲ್ಲೂ ಒಟ್ಟು ಬದುಕಿದ ಅವಧಿಯಲ್ಲಿ ವ್ಯತ್ಯಾಸ ಆಗ ಕಾಣಲಿಲ್ಲ. ಫ್ರಾನ್ಸಿನಲ್ಲಿ ರೋಗ ಮರಳಿದವರಲ್ಲಿ ಬಹುಪಾಲು ಜನ ಆಮೇಲೆ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡಿದ್ದರು ಎಂಬುದನ್ನೂ ಸೇರಿಸಿ ಓದಬೇಕು. ನಮ್ಮ ಕಡೆಯವರಿಗೆ ನಮ್ಮ ಸಲಹೆ ಕೂಡಲೇ ಮಾಡಿಸಿಕೊಳ್ಳುವುದರ ಕಡೆಗೇ ವಾಲುತ್ತದೆ. ದುಬಾರಿ ಔಷಧದ ಸಾಲಿಲ್ಲದೆ ಹೆಚ್ಚು ಕಾಲ ರೋಗ ಮಲಗಿರುವುದು ಸಣ್ಣ ಮಾತಲ್ಲ, ಮತ್ತು "ಆಮೇಲೆ ನೋಡೋಣ" ಎಂದವರು ಆಮೇಲೆ ಫಿಟ್ ಇರುತ್ತಾರೆಂಬ ಖಾತ್ರಿ ಇಲ್ಲ. ಆದರೆ ಟ್ರಯಲ್ ಕಾಗದದಲ್ಲಿ "ಮುಖ್ಯ ಅಳತೆ" ಎಂಬ ಕಡೆ ಬರೆದದ್ದು ರೋಗ ಮರಳದ ಅವಧಿಯೋ ಒಟ್ಟು ಆಯುಷ್ಯವೋ ಎಂದು ನೋಡದೆ ಸಹಿ ಹಾಕಬೇಡಿ. ಎರಡೂ ಬೇರೆ ಬೇರೆ ಭರವಸೆ.

ಈಗ ಕಾಗದ. ಇಂಥ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಕೀಮೋ ಬದಲು ಸಕ್ಕರೆ ಗುಳಿಗೆ ಕೊಡುವುದಿಲ್ಲ. ಒಂದು ಕಡೆ ಈಗ ರೂಢಿಯಲ್ಲಿರುವ ಚಿಕಿತ್ಸೆ, ಇನ್ನೊಂದು ಕಡೆ ಅದರ ಜೊತೆ ಅಥವಾ ಅದರ ಬದಲು ಹೊಸದು. ಯಾವ ಕಡೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರ ಕೈಯಲ್ಲಿಲ್ಲ, ಪರಿಚಯ ಹಿಡಿದರೂ ಆಗದು. ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ, ಅದರ ಸಂಖ್ಯೆ ಕೇಳಿ ಪಡೆಯಿರಿ. 2009ರ ಜೂನ್‌ನಿಂದ ಕಡ್ಡಾಯ. ವೆಬ್‌ಸೈಟಿನಲ್ಲಿ ಯಾರಾದರೂ ತೆರೆದು ನೋಡಬಹುದು. ಆ ಸಂಖ್ಯೆಯೂ, ಟ್ರಯಲ್ ರೋಗಿಗಳ ಹಿತ ಕಾಯುವ ಎಥಿಕ್ಸ್ ಸಮಿತಿಯ ಹೆಸರೂ ಇಲ್ಲದೆ "ಸ್ಟೆಮ್ ಸೆಲ್ ಥೆರಪಿ" ಎಂದು ಲಕ್ಷಗಟ್ಟಲೆ ಕೇಳುವ ಕ್ಲಿನಿಕ್ ಇದ್ದರೆ ಎದ್ದು ಬನ್ನಿ. ಟ್ರಯಲ್‌ನ ಹೊಸ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ.

ಒಪ್ಪಿಗೆ ಪತ್ರದಲ್ಲಿ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಕೇಳುತ್ತಾರೆ. ಇಲ್ಲಿ ಜನ ಅಳುಕುತ್ತಾರೆ, ರೇಷನ್ ಕಾರ್ಡ್ ಹೋದೀತೆಂದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ನಮೂನೆಯಲ್ಲೇ ಇರುವ ಕಾಲಂ ಅದು. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಎಂಬುದಕ್ಕಾಗಿ ನಾಮಿನಿ. ಓದು ಬಾರದವರಾದರೆ ಆಸ್ಪತ್ರೆಯ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪೂರ್ತಿ ಮಾತುಕತೆಗೆ ಕೂತಿರಬೇಕು, ಕೊನೆಗೆ ಬಂದು ಹೆಬ್ಬೆಟ್ಟಿನ ಪಕ್ಕ ಸಹಿ ಹಾಕಿದರೆ ಆಗದು. ಕಾಗದ ಕನ್ನಡದಲ್ಲೇ ಬೇಕೆಂದು ಕೇಳಿ. ನಿಪ್ಪಾಣಿ, ಅಥಣಿ ಕಡೆ ಮರಾಠಿ ಸಲೀಸಾದವರು ಮರಾಠಿಯದನ್ನು ಕೇಳಿ. ಸಹಿಯಾದ ಪ್ರತಿ ನಿಮ್ಮ ಕೈಗೆ ಬರಲೇಬೇಕು.

ಯಾವಾಗ ಬೇಕಾದರೂ ಹೊರಬರಬಹುದು ಎಂದು ಬರೆದಿರುತ್ತದೆ, ನಿಜ. ಆದರೆ ಮೆಲ್ಫಲಾನ್ ಏರಿದ ಮೇಲೆ ಸೆಲ್ ಹಾಕಿಸಿಕೊಳ್ಳದೆ ಮನೆಗೆ ಹೋಗುವಂತಿಲ್ಲ. ಟ್ರಯಲ್ ಬಿಡಬಹುದು, ಚಿಕಿತ್ಸೆ ಅರ್ಧಕ್ಕೆ ಬಿಡುವಂತಿಲ್ಲ. ಮನಸ್ಸು ಬದಲಾಗುವುದಿದ್ದರೆ ಆ ಡ್ರಿಪ್ ಶುರುವಾಗುವ ಮೊದಲೇ ಹೇಳಿ.

ಅಲೋಜೆನಿಕ್ ಆದರೆ ದಾನಿಯ ಮಾತು ಬರುತ್ತದೆ. ಒಡಹುಟ್ಟಿದ ಒಬ್ಬೊಬ್ಬರ ಎಚ್‌ಎಲ್‌ಎ, ಅಂದರೆ ಕಣಗಳ ಮೇಲಿನ ಆನುವಂಶಿಕ ಗುರುತು, ರೋಗಿಯದಕ್ಕೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆತಾಯಿ, ಮಕ್ಕಳು ಅರ್ಧ ಹೊಂದೇ ಹೊಂದುತ್ತಾರೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗನೊಂದಿಗೆ ಮದುವೆಯಾದ ಮನೆತನಗಳಿರುವುದರಿಂದ ದೊಡ್ಡ ಕುಟುಂಬದಲ್ಲೂ ಪೂರ್ತಿ ಹೊಂದುವವರು ಸಿಗುವುದುಂಟು. ಡಾಕ್ಟರ್ ಕೇಳಿದಾಗ ಸಂಬಂಧವನ್ನು ಸಂಕೋಚವಿಲ್ಲದೆ ಹೇಳಿ.

ಊರಿಗೆ ಬಂದ ಮೇಲಿನದು ಎಲ್ಲಕ್ಕಿಂತ ಹೆಚ್ಚು ತಪ್ಪುವ ಜಾಗ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್ 100.4 ಒಂದು ಗಂಟೆ ನಿಂತರೆ ಡೋಲೋ ನುಂಗಿ ಮಲಗುವಂತಿಲ್ಲ. ಬಿಳಿಕಣ ಇಳಿದಿದ್ದರೆ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಬೀಳಬೇಕು. ಹತ್ತಿರದ ದೊಡ್ಡ ದವಾಖಾನೆಗೇ ಹೋಗಿ, ರೈಲು ಕಾಯಬೇಡಿ. ರಕ್ತ ಅಥವಾ ಪ್ಲೇಟ್‌ಲೆಟ್ ಹಾಕುವುದಾದರೆ ವಿಕಿರಣ ಹಾಯಿಸಿದ್ದೇ ಬೇಕು, ಆಟೋಲೋಗಸ್‌ನವರಿಗೆ ಕನಿಷ್ಠ ಮೂರು ತಿಂಗಳು. ಇಲ್ಲದಿದ್ದರೆ ರಕ್ತ ಕೊಟ್ಟವರ ಬಿಳಿಕಣಗಳೇ ರೋಗಿಯ ಮೈಮೇಲೆ ತಿರುಗಿಬೀಳಬಹುದು. ಎಲ್ಲ ರಕ್ತನಿಧಿಯಲ್ಲೂ ಆ ಸೌಲಭ್ಯ ಇರುವುದಿಲ್ಲ. ಡಿಸ್ಚಾರ್ಜ್ ದಿನವೇ ಕೇಂದ್ರದವರಿಂದ ಕೇಳಿಕೊಂಡು, ಡಿಸ್ಚಾರ್ಜ್ ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿಕೊಳ್ಳಿ.

ಊಟದ ಬಗ್ಗೆ ಅನಗತ್ಯ ಹೆದರಿಕೆ ಜಾಸ್ತಿ. ಹಸಿ ತರಕಾರಿ, ಹಣ್ಣು ಪೂರ್ತಿ ಬಿಡಿಸುವ ಪಥ್ಯದಿಂದ ಸೋಂಕು ಕಡಿಮೆಯಾಗುವುದೆಂದು ಟ್ರಯಲ್‌ಗಳಲ್ಲಿ ಕಾಣಲಿಲ್ಲ. ತೊಳೆದ ದ್ರಾಕ್ಷಿ, ಬಿಸಿ ರೊಟ್ಟಿ, ಬೇಯಿಸಿದ ಪಲ್ಯ ಆಗುತ್ತದೆ. ಮುಗ್ಗಲು ಹಿಡಿದ ಶೇಂಗಾ, ಕಣಜದ ಧೂಳು, ರಾಶಿ ಮಾಡುವ ಕಣ, ಹಿಟ್ಟಿನ ಗಿರಣಿ ಮಾತ್ರ ದೂರ. ಶಿಲೀಂಧ್ರದ ಬೀಜಾಣು ಪುಪ್ಪುಸಕ್ಕೆ ಹೋಗುವುದು ಊಟದಿಂದಲ್ಲ, ಉಸಿರಿನಿಂದ.

ಟ್ರಯಲ್‌ನಲ್ಲಿದ್ದವರು ಎಲ್ಲೇ ಅಡ್ಮಿಟ್ ಆಗಲಿ, ಕಾರಣ ಭೇದಿಯೇ ಇರಲಿ, ಬೈಕಿನಿಂದ ಬಿದ್ದದ್ದೇ ಇರಲಿ, ಟ್ರಯಲ್ ಕೋಆರ್ಡಿನೇಟರ್‌ಗೆ ಅಂದೇ ಫೋನ್ ಹಚ್ಚಬೇಕು. ತಿಳಿದ 24 ಗಂಟೆಯೊಳಗೆ ಮುಖ್ಯ ಡಾಕ್ಟರ್ ಅದನ್ನು ಎಥಿಕ್ಸ್ ಸಮಿತಿಗೂ ಸರ್ಕಾರದ ಔಷಧ ನಿಯಂತ್ರಕರಿಗೂ ವರದಿ ಮಾಡಬೇಕು. ಅದು ಟ್ರಯಲ್‌ನಿಂದ ಆದದ್ದಲ್ಲ ಎಂದು ಖಚಿತವಾಗುವ ತನಕ ಚಿಕಿತ್ಸೆಯ ಖರ್ಚು ಟ್ರಯಲ್ ನಡೆಸುವವರದು. ವಿಜಯಪುರದಲ್ಲಿ ಎಂಟು ದಿನ ಸಲೈನ್ ಹಚ್ಚಿಸಿಕೊಂಡು, ಸ್ವಂತ ದುಡ್ಡು ಕಟ್ಟಿ, ಮುಂದಿನ ತಿಂಗಳ ತಪಾಸಣೆಯಲ್ಲಿ ಮಾತಿಗೆ ಮಾತು ಬಂದಾಗ ಹೇಳುವವರು ಈ ಹಕ್ಕನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಬಿಲ್, ಡಿಸ್ಚಾರ್ಜ್ ಚೀಟಿ, ಕೊಟ್ಟ ಔಷಧದ ಹೆಸರು ಎಲ್ಲದರ ಫೋಟೋ ಅಂದೇ ವಾಟ್ಸಾಪ್ ಮಾಡಿ, ಮೂಲ ಪ್ರತಿಗಳನ್ನು ಒಪ್ಪಿಗೆ ಪತ್ರದ ಜೊತೆ ಒಂದೇ ಫೈಲಿನಲ್ಲಿಡಿ.