ರೈಲು ಬಾರದ ಸ್ಟೇಷನ್ನಿನಲ್ಲಿ ಚಹಾ

ಹ್ಯಾಸಪ್ ಸ್ಟೇಷನ್ನಿನಲ್ಲಿ ಪ್ರಯಾಣಿಕರ ರೈಲು ನಿಲ್ಲುವುದು 1942ರಲ್ಲೇ ಮುಗಿಯಿತು. ನಾವು ಹೋದಾಗ ಮಾತ್ರ ಅಲ್ಲಿ ಕೂರಲು ಜಾಗವೇ ಇರಲಿಲ್ಲ! ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಬೇಕ್‌ವೆಲ್ ಪಟ್ಟಣದ ಹತ್ತಿರ ಇರುವ ಆ ಹಳೇ ಕಟ್ಟಡದಲ್ಲಿ ಈಗ ಕೆಫೆ ಇದೆ, ಪುಸ್ತಕದ ಅಂಗಡಿ ಇದೆ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಅಕ್ಕ, ನಾನು ಒಂದೊಂದು ಸೈಕಲ್ ಹಿಡಿದು ಹೊರಟೆವು.

ದಾರಿಯ ಹೆಸರು ಮಾನ್ಸಲ್ ಟ್ರೇಲ್. ಉದ್ದ ಎಂಟೂವರೆ ಮೈಲಿ. 1860ರ ದಶಕದಲ್ಲಿ ಹಾಕಿದ ಈ ರೈಲು ಮಾರ್ಗ 1968ರಲ್ಲಿ ಮುಚ್ಚಿತು. ಆಮೇಲೆ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದವರು ಇದನ್ನು ಜನರ ಓಡಾಟಕ್ಕೆ ಬಿಟ್ಟುಕೊಟ್ಟರು. ರೈಲಿಗೆಂದು ಮಾಡಿದ ದಾರಿ ಅಲ್ವಾ, ಏರು ಇದ್ದರೂ ಕಾಲಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಸುರಂಗಗಳು ಮಾತ್ರ ಬಹಳ ವರ್ಷ ಮುಚ್ಚಿಯೇ ಇದ್ದವು. 2011ರಲ್ಲಿ ತೆರೆದರು. ಹೆಡ್‌ಸ್ಟೋನ್ ಸುರಂಗದೊಳಗೆ ಹೋಗುತ್ತಿದ್ದಂತೆ ಮೈ ಜುಂ ಎಂದಿತು. ತಣ್ಣನೆ ಗಾಳಿ, ಸಾಲಾಗಿ ಮಂದ ದೀಪ, ಕಪ್ಪು ಗೋಡೆಯಿಂದ ತೊಟ್ಟಿಕ್ಕುವ ನೀರು. ಅಕ್ಕ ಒಮ್ಮೆ ಕೂಗಿದಳು, ಕೂಗು ಬಹಳ ದೂರ ಹೋಯಿತು. ಆಚೆ ಬಂದರೆ ನೇರವಾಗಿ ಕಲ್ಲಿನ ಎತ್ತರದ ಸೇತುವೆ, ಕೆಳಗೆ ವೈ ನದಿ. ಈ ರೈಲು ಮಾರ್ಗ ಕಣಿವೆಯನ್ನೇ ಹಾಳು ಮಾಡಿತು ಎಂದು ಆ ಕಾಲದ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ ಸಿಡಿದೆದ್ದಿದ್ದರಂತೆ. ಈಗ ಎಲ್ಲರೂ ಫೋಟೋ ತೆಗೆಯುವುದು ಈ ಸೇತುವೆಯದನ್ನೇ.

ನನಗೆ ಜಾಸ್ತಿ ಹಿಡಿಸಿದ್ದು ಇದೇ ದಾರಿಯ ಇನ್ನೊಂದು ಹಳೇ ಸ್ಟೇಷನ್, ಮಿಲ್ಲರ್ಸ್ ಡೇಲ್. ಬಕ್ಸ್‌ಟನ್ ಪಟ್ಟಣಕ್ಕೆ ಹೋಗುವವರು ಇಲ್ಲಿ ರೈಲು ಬದಲಿಸುತ್ತಿದ್ದರು. ಪ್ಲಾಟ್‌ಫಾರ್ಮಿನ ಮೇಲೆಯೇ ಅಂಚೆ ಕಚೇರಿ ಇತ್ತು. 1967ರಲ್ಲಿ ಬಾಗಿಲು ಹಾಕಿದ ಆ ಸ್ಟೇಷನ್ ಕಟ್ಟಡದಲ್ಲಿ ಈಗ ಕೆಫೆ. ಪ್ಲಾಟ್‌ಫಾರ್ಮನ್ನು ಕಿತ್ತುಹಾಕಿಲ್ಲ. ಕುದಿಯುವ ಚಹಾ, ಬೆಣ್ಣೆ ಸವರಿದ ಸ್ಕೋನ್ ಹಿಡಿದು ಅದರ ಅಂಚಿನ ಹತ್ತಿರ ಕೂತೆವು. ಕಲ್ಲಿನ ಅಂಚು ಅಲ್ಲಲ್ಲಿ ಸವೆದು ನುಣುಪಾಗಿತ್ತು. ಹಳಿ ಇದ್ದ ತಗ್ಗಿನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು.

ರೈಲ್ವೆಯ ನಷ್ಟ ತಗ್ಗಿಸಲೆಂದು ಬಂದ 1963ರ ಬೀಚಿಂಗ್ ವರದಿ ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಲು ಹೇಳಿತ್ತು. ಹೀಗೆ ಮುಚ್ಚಿದವುಗಳಲ್ಲಿ ಎಷ್ಟೋ ನೆಲಸಮವಾದವು, ಕೆಲವು ಯಾರದೋ ಮನೆಯಾದವು. ಮನೆಯಾದರೆ ಕಟ್ಟಡ ಉಳಿಯುತ್ತದೆ ನಿಜ, ಆದರೆ ದಾರಿಹೋಕರು ಒಳಗೆ ಕಾಲಿಡುವಂತಿಲ್ಲ. ಕೆಫೆಯಾದರೆ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಜನ ಬಂದು, ಸ್ವಲ್ಪ ಹೊತ್ತು ಕೂತು, ಎದ್ದು ಹೋಗಲಿ ಅಂತಲೇ ಕಟ್ಟಿದ ಜಾಗ ತಾನೇ ಅದು?

ಆದರೆ ಬಣ್ಣ ಬಳಿದು, ಮೇಜು ಹಾಕಿದರೆ ಸಾಲದು. ಮಿಲ್ಲರ್ಸ್ ಡೇಲ್‌ನಲ್ಲಿ ಇರುವುದೇ ಬೆರಳೆಣಿಕೆಯ ಮನೆಗಳು. ಆ ಊರಿನವರಷ್ಟೇ ಚಹಾ ಕುಡಿದರೆ ಕೆಫೆ ನಡೆಯುತ್ತದೆಯೇ? ಅದನ್ನು ಸಾಕುತ್ತಿರುವುದು ಈ ದಾರಿ. ಹಿಂದೆ ರೈಲು ತಂದು ಇಳಿಸುತ್ತಿದ್ದ ಜನರನ್ನು ಈಗ ಈ ದಾರಿ ಕರೆತರುತ್ತಿದೆ. ಹಳೇ ಸ್ಟೇಷನ್ನಿನಲ್ಲಿ ಕೆಫೆ ತೆರೆಯಬೇಕು ಅನ್ನುವವರು ಮೊದಲು ಹಳಿ ಇದ್ದ ಜಾಗ ಏನಾಗಿದೆ ಅಂತ ನೋಡಲಿ.

ಈ ಮಾರ್ಗದಲ್ಲಿ ಮತ್ತೆ ರೈಲು ಓಡಲಿ ಎನ್ನುವವರೂ ಇದ್ದಾರೆ. ರೈಲು ಬಂದರೆ ನನಗೂ ಸಂತೋಷವೇ. ಆದರೆ ಸೈಕಲ್ಲಿಗೆ, ನಡೆಯುವವರಿಗೆ ಇಷ್ಟೇ ಚೆನ್ನಾದ ಬೇರೆ ದಾರಿ ಮೊದಲು ಮಾಡಿಕೊಡಬೇಕು, ಕೆಫೆಯನ್ನೂ ಎಬ್ಬಿಸಬಾರದು.