ಬರಪಾಸಾರಸ್ ಮಾದರಿ: ಏಳನೆಯ ವಾರ, ತಲೆ ಬಾಕಿ

ಮೈ, ಕಾಲು, ಬಾಲ ಮುಗಿದಿವೆ. 20ರಲ್ಲಿ ಒಂದು ಪಾಲಿನ ಅಳತೆ ಹಿಡಿದಿದ್ದೇನೆ. 14 ಮೀಟರ್ ಉದ್ದದ ಡೈನೋಸಾರ್ ನನ್ನ ಮೇಜಿನ ಮೇಲೆ 70 ಸೆಂಟಿಮೀಟರ್ ಆಗಿದೆ.

ಹೊಸದಾಗಿ ಓದುವವರಿಗೆ: ಬರಪಾಸಾರಸ್ ಟ್ಯಾಗೋರಿ ನಮ್ಮ ಗೋದಾವರಿ ಕಣಿವೆಯ ಪ್ರಾಣಿ, ಆರಂಭಿಕ ಜುರಾಸಿಕ್ ಕಾಲದ್ದು. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಅಗೆದು ತೆಗೆದು, 1975ರಲ್ಲಿ ಹೆಸರಿಟ್ಟರು. ಬಂಗಾಳಿಯ ‘ಬೊಡೊ ಪಾ’ ಎಂದರೆ ದೊಡ್ಡ ಕಾಲು. ಅಗೆತ ಶುರುವಾದ 1961 ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷ, ಅದಕ್ಕೇ ಟ್ಯಾಗೋರಿ. ಮೂಳೆಗಳ ಜೊತೆ ದೊಡ್ಡ ದೊಡ್ಡ ಮರದ ಬೊಡ್ಡೆಗಳೂ ಸಿಕ್ಕಿದ್ದರಿಂದ ಹಿಂಡು ಪ್ರವಾಹಕ್ಕೆ ಸಿಕ್ಕಿರಬೇಕೆಂದು ಊಹಿಸಿದ್ದಾರೆ. ನಮ್ಮ ಕಿವಿಗೆ ಹೆಸರಿನಲ್ಲಿ ಬರವಿದೆ, ಸತ್ತದ್ದು ಮಾತ್ರ ನೆರೆಯಲ್ಲಿ.

ಕಾಲು ಮಾಡುವಾಗ ಖುಷಿಯಾಯಿತು. ತೊಡೆಮೂಳೆ ಸುಮಾರು 1.7 ಮೀಟರ್, ಅದೊಂದೇ ನನಗಿಂತ ಎತ್ತರ. ಮಾದರಿಯಲ್ಲಿ ಎಂಟೂವರೆ ಸೆಂಟಿಮೀಟರ್. ಕುತ್ತಿಗೆ ಮಾತ್ರ ಸತಾಯಿಸಿತು. ಒಂಟಿ ತಂತಿಗೆ ಎಂ-ಸೀಲ್ ಮೆತ್ತಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಹಸು ಹುಲ್ಲು ಮೇಯುವ ಹಾಗೆ ಬಾಗಿತ್ತು. ಎಲ್ಲ ಕಿತ್ತು, ಎರಡು ತಂತಿ ಹೊಸೆದು, ಒಳಗೆ ಅಲ್ಯೂಮಿನಿಯಂ ಹಾಳೆ ಮುದುಡಿ ತುಂಬಿ, ಮೇಲೆ ತೆಳ್ಳಗೆ ಮೆತ್ತಿದೆ. ಈಗ ನಿಂತಿದೆ. ಮುಂದೆ ಬಂದ, ಇದೇ ಬಳಗದ ಉದ್ದ ಕುತ್ತಿಗೆಯ ದೈತ್ಯ ಸೊರೊಪಾಡ್‌ಗಳೂ ಇದನ್ನೇ ಮಾಡಿದವು: ಕುತ್ತಿಗೆಯ ಮೂಳೆಯೊಳಗೆ ಗಾಳಿ ತುಂಬಿಕೊಂಡು ಭಾರ ಇಳಿಸಿಕೊಂಡವು. ಬರಪಾಸಾರಸ್‌ನಲ್ಲಿ ಆ ಟೊಳ್ಳು ಇನ್ನೂ ಅಷ್ಟು ಬೆಳೆದಿರಲಿಲ್ಲ.

ತಲೆಯದ್ದೇ ತಲೆನೋವು. ಕನಿಷ್ಠ ಆರು ಪ್ರಾಣಿಗಳ ಸುಮಾರು 300 ಮೂಳೆಗಳು ಸಿಕ್ಕಿವೆ, ಬುರುಡೆ ಒಂದೂ ಇಲ್ಲ, ಕೆಲವು ಹಲ್ಲುಗಳಷ್ಟೇ. ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಇನ್ನೊಂದು ಡೈನೋಸಾರ್ ಕೋಟಾಸಾರಸ್‌ದೂ ಇದೇ ಕಥೆ. ಮೇಜಿನ ಮೇಲಿನ ಮುಂಡ ನೋಡಿ ಅಮ್ಮ ಹೇಳಿದರು: “ಗಣಪತಿಗೆ ಮಾಡಿದ ಹಾಗೆ ಮಾಡು, ಯಾರದಾದರೂ ತಲೆ ತಂದು ಇಡು.” ಹಾಗೆಯೇ ಮಾಡಿದೆ. ಇದೇ ಬಳಗದ, ಚೀನಾದ ಶುನೋಸಾರಸ್‌ನ ಬುರುಡೆ ಪೂರ್ತಿಯಾಗಿ ಸಿಕ್ಕಿದೆ. ಅದರ ಆಕಾರವನ್ನು ಕಡ ತಂದೆ.

ಹಲ್ಲನ್ನಾದರೂ ಇದರದ್ದೇ ಇಡಬೇಕೆಂದು ಹಟ. ಚಮಚದಾಕಾರ, ಅಂಚಿನಲ್ಲಿ ಒರಟು ಕಚ್ಚು. ಈ ಅಳತೆಯಲ್ಲಿ ಒಂದೊಂದೂ ಅಕ್ಕಿ ನುಚ್ಚಿನಷ್ಟು, ಹಾಗಾಗಿ ನುಚ್ಚನ್ನೇ ಆರಿಸಿದೆ. ಉಪ್ಪುಕಾಗದಕ್ಕೆ ಒಂದು ಸಲ ತಾಗಿಸಿ, ಚಿಮುಟದಲ್ಲಿ ಹಿಡಿದು, ಅಂಟಿನಲ್ಲಿ ಅದ್ದಿ ಕೂರಿಸುವಷ್ಟರಲ್ಲಿ ಅರ್ಧ ನೆಲದ ಪಾಲು. ಕಚ್ಚು ಬಿಡಿಸುವ ಆಸೆಯನ್ನು ಮೂರನೆಯ ಹಲ್ಲಿಗೇ ಕೈಬಿಟ್ಟೆ. ತಲೆಯನ್ನು ಅಂಟಿಸಿಲ್ಲ, ಗುಂಡುಪಿನ್ನಿನ ಮೇಲೆ ಸಿಕ್ಕಿಸಿದ್ದೇನೆ. ನಾಳೆ ಗೋದಾವರಿ ಕಡೆ ನಿಜವಾದ ಬುರುಡೆ ಸಿಕ್ಕರೆ ಬದಲಾಯಿಸಬಹುದು.

ವಾರ್ನಿಷ್ ಬಳಿಯುವುದನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದು ತಪ್ಪಾಯಿತು. ಇಂದು ಬೆಳಿಗ್ಗೆ ಎಡದವಡೆಯ ಎರಡು ಹಲ್ಲು ಕಾಣಲಿಲ್ಲ. ಮೇಜಿನ ಅಂಚಿನಲ್ಲಿ ಇರುವೆ ಸಾಲು.